ಆಸ್ಪತ್ರೆಯಲ್ಲಿ ಸ್ವಯಂಸೇವಕರ ಕಣ್ಣೆದುರೇ ಯಾರಾದರೂ ಕುಸಿದು ಬಿದ್ದರೆ ಏನು ಮಾಡಬೇಕು?

ಮುಂದಿನ ಶನಿವಾರದಿಂದ ಆಸ್ಪತ್ರೆಗೆ ಸ್ವಯಂಸೇವಕರಾಗಿ ಹೋಗುತ್ತಿದ್ದೀರಿ. ವೈದ್ಯಕೀಯ ಏನೂ ಗೊತ್ತಿಲ್ಲ, ನನ್ನೆದುರೇ ಯಾರಿಗಾದರೂ ಏನಾದರೂ ಆದರೆ ಕೈಕಾಲೇ ಆಡದೆ ಹೋದೀತು ಅಂತ ಭಯ ಎಂದು ಬರೆದಿದ್ದೀರಿ. ನಾನು ಮೈಸೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಏಳು ವರ್ಷದಿಂದ ವಾರಕ್ಕೆರಡು ದಿನ ಈ ಕೆಲಸ ಮಾಡುತ್ತಿದ್ದೇನೆ. ವೀಲ್‌ಚೇರ್ ತಳ್ಳುವುದು, ಊರಿಂದ ಬಂದವರಿಗೆ ಓಪಿಡಿ ಚೀಟಿ ಮಾಡಿಸಿಕೊಡುವುದು, ಎಕ್ಸ್‌ರೇ ಎಲ್ಲಿ ಅಂತ ತೋರಿಸುವುದು. ನಾನೂ ಡಾಕ್ಟರಲ್ಲ, ನರ್ಸೂ ಅಲ್ಲ. ಹಾಗಾಗಿ ನಿಮ್ಮ ಭಯ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಮೊದಲು ನನ್ನಿಂದಾದ ಒಂದು ತಪ್ಪು ಹೇಳುತ್ತೇನೆ. ಸೇರಿದ ಮೂರನೇ ತಿಂಗಳು. ಬೆಳಿಗ್ಗೆ ಎಂಟು ಗಂಟೆ, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದವರ ಉದ್ದ ಸಾಲು. ಗೋಡೆಗೆ ಒರಗಿ ನಿಂತಿದ್ದ ಒಬ್ಬರು ಹಾಗೇ ಜಾರಿ ಕೂತು, ಪಕ್ಕಕ್ಕೆ ಉರುಳಿದರು. ಅಂಗಿಯೆಲ್ಲ ಬೆವರಿನಿಂದ ಒದ್ದೆ. ನಾನು ಓಡಿಹೋಗಿ ಫೋನೆತ್ತಿ, ‘ರಕ್ತ ಪರೀಕ್ಷೆ ಕೌಂಟರ್ ಹತ್ತಿರ ಒಬ್ಬರು ಬಿದ್ದಿದ್ದಾರೆ, ಬೇಗ ಬನ್ನಿ’ ಎಂದು ಇಟ್ಟುಬಿಟ್ಟೆ. ಅಲ್ಲಿ ಅಂಥ ಕೌಂಟರ್ ಎರಡಿದ್ದವು, ಕೆಳಗೊಂದು, ಎರಡನೇ ಮಹಡಿಯಲ್ಲೊಂದು. ನನ್ನ ಫೋನಿಗೆ ಬಂದ ಸಿಬ್ಬಂದಿ ಮೇಲಕ್ಕೆ ಓಡಿದರು. ಮೂರು ನಿಮಿಷ ಹೋಯಿತು. ಬಿದ್ದವರಿಗೆ ಆಗಿದ್ದು ಶುಗರ್ ಇಳಿದದ್ದು, ಗ್ಲೂಕೋಸ್ ಹಾಕಿದ ಮೇಲೆ ಕಣ್ಣು ಬಿಟ್ಟರು. ಆದರೆ ಹೃದಯ ನಿಂತರೆ ನಾಲ್ಕೈದು ನಿಮಿಷದಲ್ಲೇ ಮಿದುಳಿಗೆ ಪೆಟ್ಟು ಬೀಳಲು ಶುರುವಾಗುತ್ತದೆ. ಆ ಮೂರು ನಿಮಿಷ ನನಗೆ ಇವತ್ತಿಗೂ ಮರೆತಿಲ್ಲ.

ಅದಕ್ಕೇ ನಾನು ಹೇಳುವುದು, ನಮ್ಮ ಕೆಲಸ ಚಿಕಿತ್ಸೆ ಅಲ್ಲ, ಸರಿಯಾಗಿ ಕರೆಯುವುದು. ಯಾವ ಬ್ಲಾಕು, ಯಾವ ಮಹಡಿ, ಯಾವ ಬಾಗಿಲ ಹತ್ತಿರ, ದೊಡ್ಡವರಾ ಮಗುವಾ, ಉಸಿರಾಡುತ್ತಿದ್ದಾರಾ ಇಲ್ಲವಾ. ಇಷ್ಟು ಹೇಳಿ, ಆ ಕಡೆಯವರು ತಿರುಗಿ ಹೇಳುವುದನ್ನು ಕೇಳಿಸಿಕೊಂಡು ಆಮೇಲೆ ಫೋನ್ ಇಡಿ. ಆಸ್ಪತ್ರೆಯ ಒಳಗೇ ಇದ್ದಾಗ 108ಕ್ಕೆ ಮಾಡುವುದಲ್ಲ. ಪ್ರತಿ ಆಸ್ಪತ್ರೆಗೂ ಅದರದೇ ಒಳಗಿನ ನಂಬರ್ ಇರುತ್ತದೆ. ಸಾಮಾನ್ಯವಾಗಿ ಹೃದಯ ಅಥವಾ ಉಸಿರು ನಿಂತರೆ ‘ಕೋಡ್ ಬ್ಲೂ’, ಬೆಂಕಿಗೆ ‘ಕೋಡ್ ರೆಡ್’, ಮಗು ಕಾಣೆಯಾದರೆ ‘ಕೋಡ್ ಪಿಂಕ್’ ಅನ್ನುತ್ತಾರೆ. ಆದರೆ ಒಂದೊಂದು ಕಡೆ ಒಂದೊಂದು ಪದ್ಧತಿ, ನಿಮ್ಮಲ್ಲಿ ಏನಂತಾರೆ ಅಂತ ಮೊದಲ ದಿನವೇ ಸಿಸ್ಟರ್ ಹತ್ತಿರ ಕೇಳಿಕೊಳ್ಳಿ.

ಇನ್ನೊಂದು, ಬಿದ್ದವರನ್ನು ಒಂಟಿಯಾಗಿ ಬಿಟ್ಟು ಓಡಬೇಡಿ. ಸುತ್ತ ನಿಂತವರಲ್ಲಿ ಒಬ್ಬರ ಮುಖ ನೋಡಿ, ‘ನೀಲಿ ಶರ್ಟಿನವರೇ, ಆ ಬಾಗಿಲಲ್ಲಿ ಸಿಸ್ಟರ್ ಇದ್ದಾರೆ, ಕರ್ಕೊಂಡು ಬನ್ನಿ’ ಅನ್ನಿ. ‘ಯಾರಾದ್ರೂ ಕರೀರಿ’ ಅಂದರೆ ಯಾರೂ ಹೋಗುವುದಿಲ್ಲ. ಇನ್ನೊಬ್ಬರನ್ನು ಲಿಫ್ಟ್ ಹಿಡಿದು ನಿಲ್ಲಲು ಕಳಿಸಿ. ಜನ ಮುತ್ತಿಕೊಳ್ಳದಂತೆ ನೋಡಿಕೊಳ್ಳಿ, ಸ್ಟ್ರೆಚರ್ ಬರುವ ದಾರಿಯಲ್ಲಿರುವ ಚೀಲ, ಕುರ್ಚಿ ಸರಿಸಿ. ಇದೆಲ್ಲ ಚಿಕ್ಕ ಕೆಲಸ ಅನ್ನಿಸಬಹುದು. ಡಾಕ್ಟರಿಗೆ ಇದೇ ದೊಡ್ಡ ಉಪಕಾರ.

ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ ರಕ್ತ ಓಡುವಂತೆ ಮಾಡುವುದು, ಅದನ್ನು ಮಾತ್ರ ದಯವಿಟ್ಟು ಕಲಿತುಕೊಳ್ಳಿ. ಒಂದು ದಿನದ ತರಬೇತಿ ಸಾಕು, ಗೊಂಬೆಯ ಮೇಲೆ ಕೈಯಿಟ್ಟು ಒತ್ತಿ ನೋಡಿದರೆ ಅರ್ಧ ಭಯ ಹೋಗುತ್ತದೆ. ಕೂಗಿದರೂ ಅಲುಗಾಡಿಸಿದರೂ ಎಚ್ಚರವಿಲ್ಲ, ಉಸಿರೂ ಸರಿಯಾಗಿಲ್ಲ ಅಂದರೆ ಎದೆಯ ನಡುವಿನ ಮೂಳೆಯ ಮೇಲೆ ಎರಡೂ ಕೈ ಇಟ್ಟು, ಸುಮಾರು ಎರಡು ಇಂಚು ಇಳಿಯುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು. ಹೃದಯ ನಿಂತ ಮೇಲೂ ಕೆಲವರು ಬಾಯಿ ತೆರೆದು ಆಗೊಮ್ಮೆ ಈಗೊಮ್ಮೆ ಗೊರಕೆಯ ಹಾಗೆ ಎಳೆಯುತ್ತಾರೆ. ಅದನ್ನು ಉಸಿರಾಟ ಅಂದುಕೊಂಡು ಸುಮ್ನೆ ನಿಂತುಬಿಡಬೇಡಿ. ಸಿಸ್ಟರೋ ಡಾಕ್ಟರೋ ಬಂದು ‘ಬಿಡಿ’ ಅಂದ ಕೂಡಲೇ ಬಿಟ್ಟು ಹಿಂದೆ ಸರಿಯಿರಿ.

ಫಿಟ್ಸ್ ಬಂದರೆ ನಮ್ಮ ಜನ ತಕ್ಷಣ ಬೀಗದ ಕೈ ಹುಡುಕುತ್ತಾರೆ. ಕೈಗೆ ಕಬ್ಬಿಣ ಕೊಟ್ಟರೆ ಏನೂ ಆಗುವುದಿಲ್ಲ, ಬಾಯಿಗೆ ಚಮಚ ತುರುಕಿದರೆ ಹಲ್ಲು ಮುರಿಯುತ್ತದೆ. ಕೈಕಾಲು ಅದುಮಿ ಹಿಡಿಯಬೇಡಿ. ತಲೆಗೆ ಏನೂ ಬಡಿಯದಂತೆ ಶಾಲೋ ಟವೆಲ್ಲೋ ಕೆಳಗಿಡಿ, ಗಡಿಯಾರ ನೋಡಿ, ನಿಂತ ಮೇಲೆ ಒಂದು ಮಗ್ಗುಲಿಗೆ ತಿರುಗಿಸಿ. ಐದು ನಿಮಿಷ ದಾಟಿದರೆ ಅಪಾಯ. ಎಷ್ಟು ಹೊತ್ತು ಬಂತು ಅನ್ನುವುದನ್ನು ಡಾಕ್ಟರು ಖಂಡಿತ ಕೇಳುತ್ತಾರೆ. ಮಂಚದಿಂದ ಬಿದ್ದವರನ್ನು ಎತ್ತಿ ಕೂರಿಸುವುದೂ ಬೇಡ, ಸೊಂಟದ ಮೂಳೆ ಮುರಿದಿದ್ದರೆ ಇನ್ನೂ ಕೆಡುತ್ತದೆ. ನೀರು ಕೇಳಿದರೂ ಸಿಸ್ಟರನ್ನು ಕೇಳದೆ ಕೊಡಬೇಡಿ. ಆಪರೇಷನ್‌ಗೆ ಅಂತ ಹೊಟ್ಟೆ ಖಾಲಿ ಇಟ್ಟಿರಬಹುದು.

ಬೆಂಕಿಯ ವಿಷಯ ಎರಡೇ ಮಾತು. 2011ರ ಡಿಸೆಂಬರ್‌ನಲ್ಲಿ ಕೋಲ್ಕತ್ತಾದ ಎಎಂಆರ್‌ಐ ಆಸ್ಪತ್ರೆಗೆ ಬೆಂಕಿ ಬಿದ್ದು ಸುಮಾರು 90 ಜನ ಹೋದರು, ಹೆಚ್ಚಿನವರನ್ನು ಕೊಂದದ್ದು ಜ್ವಾಲೆಯಲ್ಲ, ಹೊಗೆ. ಹಾಗಾಗಿ ಬಾಗಿಲು ಮುಚ್ಚುತ್ತಾ ಹೋಗಿ, ಲಿಫ್ಟ್ ಹತ್ತಬೇಡಿ, ನಡೆಯಬಲ್ಲವರನ್ನು ಮೆಟ್ಟಿಲ ಕಡೆ ಕರೆದುಕೊಂಡು ಹೋಗಿ.

ಈಗ ಯಾರೂ ಕಲಿಸದ, ಆದರೆ ನಮ್ಮಿಂದ ಮಾತ್ರ ಆಗುವ ಕೆಲಸ ಒಂದಿದೆ. ಪೇಷಂಟ್ ಕಡೆಯವರನ್ನು ನೋಡಿಕೊಳ್ಳುವುದು. ಕ್ಯಾಶುವಾಲಿಟಿಯ ಬಾಗಿಲು ಮುಚ್ಚಿಕೊಂಡ ಮೇಲೆ ಒಳಗೆ ಹತ್ತು ಜನ ಇರುತ್ತಾರೆ, ಹೊರಗೆ ಯಾರೂ ಇರುವುದಿಲ್ಲ. ಒಂದು ರಾತ್ರಿ ಒಬ್ಬರು ಅಮ್ಮ ಗಂಡನ ಚಪ್ಪಲಿಗಳನ್ನು ಎದೆಗೆ ಅವಚಿಕೊಂಡು ನಿಂತಿದ್ದರು. ಸ್ಟ್ರೆಚರ್ ಮೇಲೆ ಮಲಗಿಸುವಾಗ ಕಳಚಿ ಬಿದ್ದಿದ್ದವಂತೆ. ‘ಅಮ್ಮಾ, ಕೂತ್ಕೊಳ್ಳಿ’ ಅಂದರೆ ಕೂರಲಿಲ್ಲ. ನಾನೂ ಪಕ್ಕದಲ್ಲೇ ನಿಂತೆ. ‘ಬದುಕ್ತಾರಾ ಅಣ್ಣಾ?’ ಎಂದು ಕೇಳಿದರು. ಏನೂ ಆಗಲ್ಲ ಅನ್ನಬೇಕು ಅಂತ ಬಾಯಿಗೆ ಬಂತು. ಹಾಗನ್ನಬಾರದು. ನಮಗೆ ಗೊತ್ತಿಲ್ಲದ್ದನ್ನು ನಂಬಿಸಬಾರದು. ‘ಡಾಕ್ಟರು ಒಳಗೆ ನೋಡ್ತಾ ಇದ್ದಾರೆ. ಅವರೇ ಬಂದು ಹೇಳ್ತಾರೆ. ಅಲ್ಲೀತನಕ ನಾನು ಇಲ್ಲೇ ಇರ್ತೀನಿ’ ಅಂದೆ. ಆಮೇಲೆ ಮಗನ ನಂಬರ್ ಹಚ್ಚಿಕೊಟ್ಟೆ, ಅವರ ಗಂಡ ದಿನಾ ತೆಗೆದುಕೊಳ್ಳುವ ಮಾತ್ರೆಯ ಚೀಟಿ ಚೀಲದಲ್ಲಿತ್ತು, ಅದನ್ನು ಸಿಸ್ಟರ್ ಕೈಗೆ ಮುಟ್ಟಿಸಿದೆ. ಯಾವ ಮಾತ್ರೆ ನಡೆಯುತ್ತಿದೆ ಅಂತ ಒಳಗಿನವರು ಅದನ್ನೇ ಹುಡುಕುತ್ತಿದ್ದರು.

ಮನೆಗೆ ಹೋದ ಮೇಲೆ ಕೈ ನಡುಗಬಹುದು, ನಿದ್ದೆ ಬಾರದೆ ಇರಬಹುದು. ಮರುದಿನ ನಿಮ್ಮ ಮೇಲ್ವಿಚಾರಕರ ಹತ್ತಿರ ಕೂತು ಮಾತಾಡಿ, ಒಳಗೇ ಇಟ್ಟುಕೊಳ್ಳಬೇಡಿ. ಆದರೆ ರೋಗಿಯ ಹೆಸರಾಗಲಿ ಕಾಯಿಲೆಯಾಗಲಿ ಹೊರಗೆ ಯಾರ ಹತ್ತಿರವೂ ಬೇಡ, ವಾಟ್ಸಾಪ್‌ನಲ್ಲಂತೂ ಬೇಡವೇ ಬೇಡ.

ಶನಿವಾರ ಅರ್ಧ ಗಂಟೆ ಮುಂಚೆ ಹೋಗಿ. ಒಳಗಿನ ತುರ್ತು ನಂಬರನ್ನು ಒಂದು ಚೀಟಿಯಲ್ಲಿ ಬರೆದು ಐಡಿ ಕಾರ್ಡಿನ ಹಿಂದೆ ಸಿಕ್ಕಿಸಿಕೊಳ್ಳಿ. ಆಮೇಲೆ ನೀವು ನಿಲ್ಲುವ ಜಾಗದಿಂದ ಹತ್ತಿರದ ಫೋನ್, ಸ್ಟ್ರೆಚರ್, ಮೆಟ್ಟಿಲು ಎಲ್ಲಿವೆ ಅಂತ ಒಮ್ಮೆ ನಡೆದು ನೋಡಿ. ನಿಮ್ಮಲ್ಲೂ ರಕ್ತ ಪರೀಕ್ಷೆ ಕೌಂಟರ್ ಎರಡಿವೆಯಾ ಅಂತಲೂ ಕೇಳಿಬಿಡಿ.