ಬಾರ್ಸಿಲೋನಾ ಬಿಟ್ಟು ಝಾಗ್ರೆಬ್‌ಗೆ ಹೋದ ಹುಡುಗ

ಪ್ರಶ್ನೆ: ನನ್ನ ಮಗನಿಗೆ 15 ವರ್ಷ, ಬಾರ್ಸಿಲೋನಾ ಅಂದ್ರೆ ಪ್ರಾಣ. ಸ್ಪೇನ್‌ನ ಫುಟ್‌ಬಾಲ್ ಆಟಗಾರ ಡಾನಿ ಓಲ್ಮೋ ಹದಿನಾರಕ್ಕೇ ಆ ಕ್ಲಬ್ ಬಿಟ್ಟು ಕ್ರೊವೇಷಿಯಾಕ್ಕೆ ಹೋಗಿದ್ದನಂತೆ. ಅಷ್ಟು ದೊಡ್ಡ ಕ್ಲಬ್ಬನ್ನು ಯಾರಾದರೂ ಬಿಡುತ್ತಾರಾ?

ಉತ್ತರ: ಬಿಟ್ಟಿದ್ದು ನಿಜ. ಬಿಟ್ಟಿದ್ದೇ ಒಳ್ಳೆಯದಾಯಿತು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಓಲ್ಮೋ ಹುಟ್ಟಿದ್ದು 1998ರಲ್ಲಿ, ಬಾರ್ಸಿಲೋನಾ ಹತ್ತಿರದ ಟೆರಾಸಾದಲ್ಲಿ. ಅಪ್ಪನೂ ಆಟಗಾರ, ಆಮೇಲೆ ಕೋಚ್. ಹುಡುಗ ಒಂಬತ್ತಕ್ಕೇ ಬಾರ್ಸಿಲೋನಾದ ಅಕಾಡೆಮಿ ಲಾ ಮಾಸಿಯಾ ಸೇರಿದ. ಈಗ 2014ರಲ್ಲಿ ಅವನ ಜಾಗದಲ್ಲಿ ನೀವು ನಿಂತು ನೋಡಿ. ಅವನದು ಮಿಡ್‌ಫೀಲ್ಡ್, ಸೀನಿಯರ್ ತಂಡದಲ್ಲಿ ಅಲ್ಲಿ ಆಡುತ್ತಿದ್ದವರು ಶಾವಿ, ಇನಿಯೆಸ್ಟಾ, ಜೊತೆಗೆ ಅದೇ ಬೇಸಿಗೆಯಲ್ಲಿ ಬಂದ ರಾಕಿಟಿಚ್. ಇವರೆಲ್ಲ ದಾಟಿ ಸರದಿ ಬರುವುದು ಯಾವಾಗ? ಅವನು ಹೋಗಿ ಸೇರಿದ ಕ್ರೊವೇಷಿಯಾದ ಡಿನಾಮೊ ಝಾಗ್ರೆಬ್ ಚಿಕ್ಕ ವಯಸ್ಸಿನವರನ್ನು ಬೇಗ ಆಡಿಸುವ ಕ್ಲಬ್, ಆ ದೇಶದ ಹೆಸರಾಂತ ಆಟಗಾರ ಮೋಡ್ರಿಚ್ ಬೆಳೆದದ್ದೂ ಅಲ್ಲೇ. 2015ರ ಫೆಬ್ರವರಿಯಲ್ಲಿ, ಇನ್ನೂ 16 ತುಂಬಿದ್ದಷ್ಟೇ, ಓಲ್ಮೋ ಸೀನಿಯರ್ ತಂಡಕ್ಕೆ ಆಡಿಬಿಟ್ಟ. ಆ ವಯಸ್ಸಿನಲ್ಲಿ ಹುಡುಗರಿಗೆ ಬೇಕಾಗಿರೋದೇ ಅದು, ದೊಡ್ಡವರ ಜೊತೆ ಗುದ್ದಾಡಿ ಆಡುವ ನಿಮಿಷಗಳು.

ಆಮೇಲೆ ಒಂದೊಂದೇ ಮೆಟ್ಟಿಲು. 2019ರಲ್ಲಿ 21 ವರ್ಷದೊಳಗಿನವರ ಯೂರೋ (ಯುರೋಪ್ ದೇಶಗಳ ಟೂರ್ನಿ) ಫೈನಲ್‌ನಲ್ಲಿ ಜರ್ಮನಿ ಮೇಲೆ ಗೋಲು, ಅದೇ ನವೆಂಬರ್‌ನಲ್ಲಿ ಸ್ಪೇನ್ ಸೀನಿಯರ್ ತಂಡ, 2020ರ ಜನವರಿಯಲ್ಲಿ ಜರ್ಮನಿಯ ಲೈಪ್‌ಜಿಗ್ ಕ್ಲಬ್. ಆ ಆಗಸ್ಟ್‌ನಲ್ಲೇ ಲಿಸ್ಬನ್‌ನಲ್ಲಿ, ಚಾಂಪಿಯನ್ಸ್ ಲೀಗ್ ಕ್ವಾರ್ಟರ್‌ಫೈನಲ್‌ನಲ್ಲಿ, ಅಟ್ಲೆಟಿಕೊ ಮ್ಯಾಡ್ರಿಡ್ ವಿರುದ್ಧ ತಲೆಯಿಂದ ಗೋಲು ಹೊಡೆದ. 2023ರ ಜರ್ಮನ್ ಸೂಪರ್ ಕಪ್‌ನಲ್ಲಿ ಬಾಯರ್ನ್ ಮ್ಯೂನಿಕ್ ಮೇಲೆ, ಅವರದೇ ಮೈದಾನದಲ್ಲಿ, ಮೂರಕ್ಕೆ ಮೂರೂ ಗೋಲು ಇವನದೇ. ಗಾಯಗಳೂ ಬೇಕಾದಷ್ಟು ಆದವು.

ಮಗನಿಗೆ 2024ರ ಯೂರೋ ಫೈನಲ್‌ನ ಕೊನೆಯ ನಿಮಿಷಗಳನ್ನು ತೋರಿಸಿ. ಸ್ಪೇನ್ 2-1ರಲ್ಲಿ ಮುಂದಿತ್ತು, ಇಂಗ್ಲೆಂಡ್‌ಗೆ ಕಾರ್ನರ್. ರೈಸ್ ತಲೆಯಿಂದ ಹೊಡೆದದ್ದನ್ನು ಗೋಲಿ ಸಿಮೊನ್ ತಡೆದ, ಚೆಂಡು ಮತ್ತೆ ಗೇಹಿ ತಲೆಗೆ ಸಿಕ್ಕಿತು, ಗೋಲಿ ಆಗಲೇ ಪಕ್ಕಕ್ಕೆ ಹೋಗಿದ್ದ. ಗೆರೆ ಮೇಲೆ ನಿಂತಿದ್ದವನು ಓಲ್ಮೋ. ತಲೆಯಿಂದಲೇ ಆಚೆ ತಳ್ಳಿದ. ಟೂರ್ನಿಯಲ್ಲಿ ಮೂರು ಗೋಲು ಹೊಡೆದಿದ್ದ, ಆದರೆ ನನಗೆ ನೆನಪಲ್ಲಿ ಉಳಿದಿರೋದು ಇದೇ. ಮುಂದಿನ ತಿಂಗಳೇ ಬಾರ್ಸಿಲೋನಾ ಸುಮಾರು 5.5 ಕೋಟಿ ಯೂರೋ ಕೊಟ್ಟು ಅವನನ್ನು ವಾಪಸ್ ಕರೆಸಿಕೊಂಡಿತು.

ಪ್ರಶ್ನೆ: ಅಷ್ಟು ದುಡ್ಡು ಕೊಟ್ಟ ಮೇಲೂ ಅವನನ್ನು ಆಡಿಸೋಕೆ ಆಗಲಿಲ್ಲವಂತೆ, ಯಾಕೆ?

ಉತ್ತರ: ಸ್ಪೇನ್ ಲೀಗ್ ಪ್ರತಿ ಕ್ಲಬ್ಬಿಗೂ ಸಂಬಳದ ಖರ್ಚಿಗೆ ಒಂದು ಮಿತಿ ಹಾಕುತ್ತದೆ. ಅದರೊಳಗೆ ಜಾಗ ಇಲ್ಲದಿದ್ದರೆ ಹೊಸಬರ ನೋಂದಣಿ ಆಗಲ್ಲ. ಬಾರ್ಸಿಲೋನಾ ಸಾಲದಲ್ಲಿತ್ತು. ಮೊದಲ ಎರಡು ಪಂದ್ಯ ಓಲ್ಮೋ ಹೊರಗೇ ಕೂತ. ತಂಡದ ಡಿಫೆಂಡರ್ ಕ್ರಿಸ್ಟೆನ್‌ಸೆನ್ ಗಾಯಗೊಂಡಾಗ ಆತನ ಸಂಬಳದ ಭಾಗ ಬಳಸಿಕೊಂಡು ಡಿಸೆಂಬರ್ 31ರವರೆಗೆ ಮಾತ್ರ ಓಲ್ಮೋ ಹೆಸರು ಬರೆಸಿದರು. ಮ್ಯಾಡ್ರಿಡ್‌ನ ವಾಯೆಕಾಸ್‌ನಲ್ಲಿ, ರಾಯೊ ವಾಯೆಕಾನೊ ತಂಡದ ವಿರುದ್ಧ, ಅರ್ಧ ಆಟದ ಮೇಲೆ ಮೈದಾನಕ್ಕೆ ಇಳಿದು, 82ನೇ ನಿಮಿಷಕ್ಕೆ ಗೆಲುವಿನ ಗೋಲು ಹೊಡೆದ. ಜನವರಿಯಲ್ಲಿ ಮತ್ತೆ ಹೆಸರು ಬಿದ್ದುಹೋಯಿತು. ಕೊನೆಗೆ ಸರ್ಕಾರದ ಕ್ರೀಡಾ ಮಂಡಳಿ ತಾತ್ಕಾಲಿಕ ಅನುಮತಿ ಕೊಟ್ಟ ಮೇಲೆ ಆಡಿದ. ಆಟಗಾರನ ತಪ್ಪೇನೂ ಇಲ್ಲದೆ ಅವನನ್ನು ಹೀಗೆ ತೂಗುಹಾಕಿದ್ದು ನನಗೆ ಈಗಲೂ ಬೇಜಾರು.

ಪ್ರಶ್ನೆ: ನನ್ನ ಮಗನೂ ಚೆನ್ನಾಗಿ ಆಡುತ್ತಾನೆ. ಓಲ್ಮೋ ಥರ ಹದಿನಾರಕ್ಕೆ ಯುರೋಪ್‌ಗೆ ಕಳಿಸಬಹುದಾ?

ಉತ್ತರ: ಸಾಮಾನ್ಯವಾಗಿ ಆಗಲ್ಲ. ಫಿಫಾ ನಿಯಮದ ಪ್ರಕಾರ ಬೇರೆ ದೇಶದ ಕ್ಲಬ್ ಸೇರಲು 18 ತುಂಬಿರಬೇಕು. 16ರಿಂದ 18ರವರಿಗೆ ಯುರೋಪಿಯನ್ ಒಕ್ಕೂಟದ ಒಳಗೆ ಓಡಾಡಲು ವಿನಾಯಿತಿ ಇದೆ. ಕ್ರೊವೇಷಿಯಾ ಒಕ್ಕೂಟ ಸೇರಿದ್ದು 2013ರ ಜುಲೈನಲ್ಲಿ, ಓಲ್ಮೋ ಅಲ್ಲಿಗೆ ಹೋಗಿದ್ದು 2014ರಲ್ಲಿ. ನಮ್ಮ ಮಕ್ಕಳಿಗೆ ಆ ದಾರಿ ಇಲ್ಲ. ಅಪ್ಪ ಅಮ್ಮ ಫುಟ್‌ಬಾಲ್‌ಗೆ ಸಂಬಂಧವಿಲ್ಲದ ಕಾರಣಕ್ಕೆ ಅಲ್ಲಿಗೆ ಹೋಗಿ ನೆಲೆಸಿದರೆ, ಅಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಸಾಧ್ಯ. ಈ ನಿಯಮ ಮುರಿದಿದ್ದಕ್ಕೆ 2014ರಲ್ಲಿ ಬಾರ್ಸಿಲೋನಾಗೇ ಶಿಕ್ಷೆ ಆಗಿತ್ತು!

ಇನ್ನೊಂದು ವಿಷಯ. ಆಟಗಾರ ಬೇರೆ ದೇಶದ ಕ್ಲಬ್ಬಿಗೆ ಮಾರಾಟವಾದಾಗ ಆ ಮೊತ್ತದಲ್ಲಿ 5% ಅವನನ್ನು 12ರಿಂದ 23ರವರೆಗೆ ಬೆಳೆಸಿದ ಕ್ಲಬ್ಬುಗಳಿಗೆ ಹಂಚಬೇಕು. ಓಲ್ಮೋ ಲೆಕ್ಕದಲ್ಲಿ ಅದು ಸುಮಾರು 27.5 ಲಕ್ಷ ಯೂರೋ. ಹಾಗಾಗಿ ಮಗ ಈಗ ಆಡುತ್ತಿರುವ ಕ್ಲಬ್‌ನಲ್ಲಿ ಅವನ ನೋಂದಣಿ ಸರಿಯಾಗಿ ಆಗಿದೆಯಾ ನೋಡಿ, ಕಾಗದ ಜೋಪಾನ ಮಾಡಿ. ಮತ್ತೆ ಯಾರಾದರೂ ಬಂದು, ಈ ವರ್ಷವೇ ಸ್ಪೇನ್ ಕ್ಲಬ್ಬಿಗೆ ಸೇರಿಸ್ತೀನಿ, ಇಷ್ಟು ಲಕ್ಷ ಕೊಡಿ ಅಂದರೆ ಕೊಡಬೇಡಿ.