ಜರ್ಮನಿಯ ಕೆಲಸ, ಕಂಟ್ರೋಲ್ ಚಾರ್ಟ್ ಮತ್ತು ತೊಗರಿ ನುಚ್ಚು

ತಮ್ಮಾ, ಹುಮನಾಬಾದ್‌ನ ಕೆಲಸ ಬಿಟ್ಟು ಸ್ಟುಟ್‌ಗಾರ್ಟ್ ಹತ್ತಿರ ಶಾಫ್ಟ್ ಮಾಡುವ ಕಾರ್ಖಾನೆಗೆ ಸೇರುತ್ತಿದ್ದೇನೆ, ಚಳಿ ಹೇಗೆ, ಊಟ ಹೇಗೆ, ಕಂಟ್ರೋಲ್ ಚಾರ್ಟ್ ತುಂಬಬೇಕಂತೆ ಅದು ಕಷ್ಟವಾ ಅಂತ ಕೇಳಿದ್ದೀಯ. ಜಾಕೆಟ್ ಇಲ್ಲಿಗೆ ಬಂದು ತಗೋ. ಭಾನುವಾರ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ಸಾಮಾನು ತಂದಿಡು. ಜೋಳದ ಹಿಟ್ಟು ಹೊತ್ತು ತರಬೇಡ, ಹಳೆಯದಾದರೆ ಜಿಗಿ ಹೋಗಿ ರೊಟ್ಟಿ ಬಡಿಯಲು ಬರುವುದಿಲ್ಲ. ಶೇಂಗಾ ಹಿಂಡಿ ತಾ. ಕಂಟ್ರೋಲ್ ಚಾರ್ಟ್ ಅಂದರೆ ಆಗಾಗ ಅಳೆದದ್ದನ್ನು ಚುಕ್ಕಿಯಾಗಿ ಇಟ್ಟು, ಮಿತಿಗೆರೆ ದಾಟಿತಾ ಅಂತ ನೋಡುವ ಹಾಳೆ. ಅದರ ಬಗ್ಗೆ ಮಾತ್ರ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಾನು ಎಡವಿದ್ದು ಅಲ್ಲೇ.

ಇಲ್ಲಿಗೆ ಬರುವ ಮುಂಚೆ ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಇದ್ದೆ. ಒಂದು ಚೀಲದಲ್ಲಿ ನುಚ್ಚು ಸ್ವಲ್ಪ ಹೆಚ್ಚು ಕಂಡರೆ ರೋಲರ್ ಸಡಿಲ ಮಾಡುತ್ತಿದ್ದೆವು, ಮುಂದಿನ ಚೀಲದಲ್ಲಿ ಸಿಪ್ಪೆ ಉಳಿದರೆ ಮತ್ತೆ ಬಿಗಿ, ಹೀಗೆ ದಿನವಿಡೀ ತಿರುಗಿಸಿ ತಿರುಗಿಸಿ ಏರುಪೇರನ್ನು ನಾವೇ ದೊಡ್ಡದು ಮಾಡುತ್ತಿದ್ದೆವು. ಚೀಲದಿಂದ ಚೀಲಕ್ಕೆ ಒಂಚೂರು ಹೆಚ್ಚುಕಮ್ಮಿ ಇದ್ದೇ ಇರುತ್ತದೆ ಅಲ್ವಾ? ಆದರೆ ಮಳೆಗಾಲದಲ್ಲಿ ತೊಗರಿ ಒಣಗದೆ ಸಿಪ್ಪೆ ಬಿಡದಿದ್ದರೆ ಅದು ಬೇರೆ, ಅದಕ್ಕೊಂದು ಕಾರಣ ಇದೆ, ಹುಡುಕಿದರೆ ಸಿಗುತ್ತದೆ. ಈ ಎರಡನ್ನು ಬೇರೆ ಮಾಡಿ ತೋರಿಸಲಿಕ್ಕೇ ಅಮೆರಿಕದ ವಾಲ್ಟರ್ ಶೂಹಾರ್ಟ್ 1924ರಲ್ಲಿ ಈ ಚಾರ್ಟ್ ಬರೆದದ್ದು.

ಸಾಲಾಗಿ ಬಂದ ಐದು ಶಾಫ್ಟ್ ಅಳೆಯುತ್ತೀಯ. ಸರಾಸರಿಗೆ ಒಂದು ಚಾರ್ಟ್, ಐದರಲ್ಲಿ ದೊಡ್ಡದಕ್ಕೂ ಚಿಕ್ಕದಕ್ಕೂ ಇರುವ ಅಂತರಕ್ಕೆ ಇನ್ನೊಂದು. ಅಂತರದ್ದನ್ನು ಮೊದಲು ನೋಡು, ಅದೇ ನೆಟ್ಟಗಿಲ್ಲದಿದ್ದರೆ ಸರಾಸರಿಯ ಮಿತಿಗೆ ಅರ್ಥವಿಲ್ಲ. ಮಿತಿಗೆರೆ ಬರುವುದು ಯಂತ್ರದ ಅಳತೆಗಳಿಂದಲೇ. ಸರಾಸರಿಯ ಚಾರ್ಟ್‌ಗೆ, ಐದರ ಗುಂಪಾದರೆ, ಅಂತರಗಳ ಸರಾಸರಿಯನ್ನು 0.577ರಿಂದ ಗುಣಿಸಿ, ನಡುಗೆರೆಗೆ (ಅಂದರೆ ಎಲ್ಲ ಗುಂಪುಗಳ ಸರಾಸರಿಗಳ ಸರಾಸರಿಗೆ) ಕೂಡಿಸಿದರೆ ಮೇಲಿನದು, ಕಳೆದರೆ ಕೆಳಗಿನದು. ಡ್ರಾಯಿಂಗ್‌ನಲ್ಲಿರುವ ಟಾಲರೆನ್ಸ್, ಅಂದರೆ ಒಂದೊಂದು ಶಾಫ್ಟ್‌ನ ಅಳತೆ ಎಷ್ಟು ಆಚೀಚೆ ಆದರೆ ನಡೆಯುತ್ತದೆ ಅನ್ನುವುದು, ಗ್ರಾಹಕ ಕೇಳಿದ್ದು, ಅದನ್ನು ಸರಾಸರಿಯ ಚಾರ್ಟ್ ಮೇಲೆ ಎಳೆಯಬೇಡ.

ಈ 0.577 ನಾವು ಕಾಲೇಜಿನಲ್ಲಿ ಓದಿದ 3 ಸಿಗ್ಮಾ ಮಿತಿಯದು; ಸಿಗ್ಮಾ ಅಂದರೆ ಚುಕ್ಕಿಗಳು ನಡುಗೆರೆಯಿಂದ ಎಷ್ಟು ಚದುರುತ್ತವೆ ಅನ್ನುವ ಅಳತೆ. ಜರ್ಮನಿಯಲ್ಲಿ ಎಷ್ಟೋ ಕಡೆ ಶೇ. 99ರ ಮಿತಿ (ಎಲ್ಲ ನೆಟ್ಟಗಿದ್ದರೆ ನೂರರಲ್ಲಿ 99 ಚುಕ್ಕಿ ಒಳಗೇ ಬೀಳುವಂಥದ್ದು) ಹಾಕುತ್ತಾರೆ, ಅಂದರೆ ಸುಮಾರು 2.58 ಸಿಗ್ಮಾ, ಅದರೊಳಗೆ ಶೇ. 95ರ ಎಚ್ಚರಿಕೆ ಗೆರೆ. ನಿನ್ನ ಲೈನ್‌ನಲ್ಲಿ ಯಾವುದು ಅಂತ ಮೊದಲ ದಿನವೇ ಕೇಳು. ಹೊರಗಿನ ಗೆರೆಗೆ ಇವರು ಐನ್‌ಗ್ರಿಫ್ಸ್‌ಗ್ರೆಂಟ್ಸೆ ಅನ್ನುತ್ತಾರೆ, ಕೈ ಹಾಕುವ ಗಡಿ. ಎಷ್ಟು ಸರಿಯಾದ ಹೆಸರು ನೋಡು! ಹಾಂ, ದಶಾಂಶಕ್ಕೆ ಇಲ್ಲಿ ಚುಕ್ಕಿ ಅಲ್ಲ, ಅಲ್ಪವಿರಾಮ: 25,04.

ಇನ್ನು ನನ್ನ ತಪ್ಪು. ಮೊದಲ ಚಳಿಗಾಲ, ರಾತ್ರಿ ಪಾಳಿ. ಅಳತೆ ತಪ್ಪಿಸಿ, ಬೆಳಗಿನ ಜಾವ ಸುಮ್ನೆ ನಡುಗೆರೆಯ ಹತ್ತಿರ ಚುಕ್ಕಿ ಇಟ್ಟುಬಿಟ್ಟೆ. ಮೇಸ್ತ್ರಿ ಒಂದೇ ನೋಟಕ್ಕೆ ಹಿಡಿದರು, ಯಾವ ಯಂತ್ರವೂ ಅಷ್ಟು ಶಾಂತವಾಗಿರುವುದಿಲ್ಲ. ಇಬ್ಬರೂ ಕೂತು ಇಡೀ ಡಬ್ಬದ ಶಾಫ್ಟ್ ಮತ್ತೆ ಅಳೆದೆವು. ಟೂಲ್ ಸವೆದು ವ್ಯಾಸ ಮೆಲ್ಲಗೆ ಹೆಚ್ಚುತ್ತಾ ಹೋಗಿತ್ತು, ನಿಜವಾದ ಚುಕ್ಕಿ ಇಟ್ಟಿದ್ದರೆ ಮೆಟ್ಟಿಲಿನ ಹಾಗೆ ಏರುವುದು ಕಾಣುತ್ತಿತ್ತು. ಅವರು ಬೈಯಲಿಲ್ಲ, ನನಗೆ ಮಾತ್ರ ಬಹಳ ನಾಚಿಕೆಯಾಯಿತು. ಗೆರೆ ದಾಟಿದ ಚುಕ್ಕಿ ತೋರಿಸಿದರೆ ಬೈಗುಳ ಅನ್ನುವ ಭಯವನ್ನು ನಾನು ಊರಿನಿಂದಲೇ ಹೊತ್ತು ತಂದಿದ್ದೆ. ನೀನು ತರಬೇಡ. ವೀಸಾ ಬರುವುದರೊಳಗೆ "ಮಷಿನ್ ನಿಲ್ಲಿಸಿದ್ದೇನೆ, ಬಂದು ನೋಡಿ" ಅನ್ನುವುದನ್ನು ಜರ್ಮನ್‌ನಲ್ಲಿ ಬಾಯಿಪಾಠ ಮಾಡಿಕೋ.