ಮೂಟೆಯ ತಳಕ್ಕೆ ಕೈ ಹಾಕಿದಿರಾ?

ಗುಟ್ಟಾಗಿ ಷೇರಿಗೆ ಹಣ ಹಾಕಿ ಕಳೆದುಕೊಂಡ ಸಂಕಟ ಹೊತ್ತು ಆಪ್ತಸಮಾಲೋಚನೆಗೆ ನನ್ನಲ್ಲಿಗೆ ಬಂದ ದಂಪತಿಗಳಲ್ಲಿ ಇವರು ಐದನೆಯವರು. ಅದಕ್ಕೇ ಬರೆಯುತ್ತಿದ್ದೇನೆ. ಗುರುತಿನ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಕಸುಬನ್ನು ಮಾತ್ರ ಅವರ ಒಪ್ಪಿಗೆ ಪಡೆದು ಉಳಿಸಿಕೊಂಡಿದ್ದೇನೆ. ಆತ ಅಡಿಕೆ ವ್ಯಾಪಾರಿ. ಹೆಂಡತಿಯ ಒಡವೆ ಅಡವಿಟ್ಟು ಷೇರು ಕೊಂಡಿದ್ದರು. ಆಕೆಗೆ ಅದು ತಿಳಿದದ್ದು ಬ್ಯಾಂಕಿನ ನೋಟಿಸ್ ಬಂದ ದಿನ.

2024ರ ಜೂನ್ 4ರಂದು, ಲೋಕಸಭೆಯ ಫಲಿತಾಂಶದ ದಿನ, ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 4,300ಕ್ಕೂ ಹೆಚ್ಚು ಅಂಶ ಕುಸಿದಾಗ ಹೆದರಿ ಗಟ್ಟಿ ಕಂಪನಿಗಳ ಷೇರುಗಳನ್ನು ಮಾರಿಬಿಟ್ಟಿದ್ದರು. ಮೂರೇ ದಿನಗಳಲ್ಲಿ ಸೂಚ್ಯಂಕ ಕಳೆದುಕೊಂಡದ್ದನ್ನೆಲ್ಲ ಮರಳಿ ಪಡೆಯಿತು. ಕೈಯಲ್ಲಿ ಉಳಿದದ್ದು ಟೆಲಿಗ್ರಾಂ ಗುಂಪಿನವರು ಹೇಳಿದ ಒಂದು ಸಣ್ಣ ಕಂಪನಿ; ಅದನ್ನು ಮಾರೋಣವೆಂದರೆ ಕೊಳ್ಳುವವರೇ ಇಲ್ಲ.

ಎರಡನೆಯ ಭೇಟಿಯಲ್ಲಿ ಒಂದು ಹಾಳೆ ಕೊಟ್ಟು, ಆ ಷೇರನ್ನು ಏಕೆ ಕೊಂಡಿರಿ, ಬರೆಯಿರಿ ಎಂದೆ. ಬಹಳ ಹೊತ್ತು ಪೆನ್ನು ಹಿಡಿದು ಕುಳಿತರು. "ಏರುತ್ತದೆ ಎಂದರು" ಎಂದಷ್ಟೇ ಬರೆದು ನಿಲ್ಲಿಸಿದರು. ಅದುವರೆಗೆ ತುಟಿ ಬಿಚ್ಚದ ಹೆಂಡತಿ ಆಗ ಹೇಳಿದರು: "ಒಂದು ಮೂಟೆ ಅಡಿಕೆ ಕೊಳ್ಳಬೇಕಾದರೆ ಮೇಲಿನದನ್ನು ನಂಬದೆ ತಳಕ್ಕೆ ಕೈ ಹಾಕುತ್ತೀರಿ. ಒಡೆದು ನೋಡುತ್ತೀರಿ. ನನ್ನ ಬಳೆ ಹೋಗುವಾಗ ಯಾವ ತಳ ನೋಡಿದಿರಿ?"

ಆತ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಕಣ್ಣು ತುಂಬಿತ್ತು.

ನಾನು ಯಾವ ಷೇರಿನ ಹೆಸರನ್ನೂ ಹೇಳಲಿಲ್ಲ. ಅದಕ್ಕೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯಲ್ಲಿ ನೋಂದಾಯಿತರಾದ ಸಲಹೆಗಾರರಿದ್ದಾರೆ. ಮಾರುಕಟ್ಟೆಯನ್ನೇ ಬಿಡಿಸಬೇಕಿತ್ತು ಎಂದು ಸಹೋದ್ಯೋಗಿಯೊಬ್ಬರು ನನ್ನನ್ನು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಬಿಡಿ ಎಂದಿದ್ದರೆ ಅವರು ಕದ್ದು ಮುಂದುವರಿಸುತ್ತಿದ್ದರು, ಈ ಮನೆಯನ್ನು ಸುಟ್ಟದ್ದು ನಷ್ಟಕ್ಕಿಂತ ಹೆಚ್ಚಾಗಿ ಆ ಗುಟ್ಟು. ಆದ್ದರಿಂದ ಸಾಲದ ಪೂರ್ತಿ ಮೊತ್ತವನ್ನು ಅಂದೇ ರಾತ್ರಿ ಹೆಂಡತಿಯ ಮುಂದಿಡಲು ಹೇಳಿದೆ. ಒಡವೆ ಬಿಡಿಸುವವರೆಗೆ ಹೊಸ ಖರೀದಿ ಬೇಡ ಎಂದೆ. ಆಮೇಲೆ ಕೊಳ್ಳುವುದಾದರೆ ಐದಾರು ವರ್ಷ ಬೇಕಾಗದ ಹಣದಿಂದ, ಅದೂ ತಳ ನೋಡಿಯೇ: ಕಂಪನಿಯ ಲಾಭ ಕಾಗದದ ಮೇಲಷ್ಟೇ ಇದೆಯೋ, ವ್ಯವಹಾರದಿಂದ ನಗದು ಬರುತ್ತಿದೆಯೋ? ಅದರ ಸಾಲವೆಷ್ಟು? ಪ್ರವರ್ತಕರು, ಅಂದರೆ ಕಂಪನಿ ಕಟ್ಟಿ ನಡೆಸುವವರು, ತಮ್ಮ ಷೇರುಗಳನ್ನು ಅಡವಿಟ್ಟಿದ್ದಾರೆಯೇ? ಲೆಕ್ಕಪರಿಶೋಧಕರು ಏನು ಬರೆದಿದ್ದಾರೆ? ಇವೆಲ್ಲ ವಾರ್ಷಿಕ ವರದಿಯಲ್ಲಿ, ಷೇರುಪೇಟೆಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಓದಿದರೂ ಮೋಸ ಹೋಗಬಹುದು. ಸತ್ಯಂ ಎಂಬ ಸಾಫ್ಟ್‌ವೇರ್ ಕಂಪನಿಯ ಲೆಕ್ಕದಲ್ಲಿದ್ದ 5,000 ಕೋಟಿ ರೂಪಾಯಿಗೂ ಹೆಚ್ಚಿನ ನಗದು ಇರಲೇ ಇಲ್ಲವೆಂದು 2009ರ ಜನವರಿ 7ರಂದು ಅದರ ಅಧ್ಯಕ್ಷರೇ ಒಪ್ಪಿಕೊಂಡರು. ಹಾಗಾಗಿ ಒಂದೇ ಕಂಪನಿಗೆ ಎಲ್ಲವನ್ನೂ ಸುರಿಯಬೇಡಿ ಎಂದೆ.

ನಾಲ್ಕು ತಿಂಗಳ ನಂತರ ಇಬ್ಬರೂ ಒಂದು ವಾರ್ಷಿಕ ವರದಿ ಹಿಡಿದು ಬಂದರು. ಅಡವಿಟ್ಟ ಷೇರುಗಳ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದಿತ್ತು. ಎಳೆದವರು ಹೆಂಡತಿ. ಆ ಷೇರನ್ನು ಅವರು ಕೊಳ್ಳಲಿಲ್ಲ. ಎರಡು ಬಳೆ ಆಕೆಯ ಕೈಗೆ ಮರಳಿದ್ದವು. ಸರ ಇನ್ನೂ ಬ್ಯಾಂಕಿನಲ್ಲಿದೆ.